ಸೋಲುವ ಅಭ್ಯಾಸ

ಹಲ್ಲುಜ್ಜುತ್ತಾ ನಿಂತಿದ್ದಾಗಲೇ ಉರಬೆಗೆ ಖಾತ್ರಿಯಾಗಿಬಿಟ್ಟಿತು, ಇವತ್ತು ಸೋಲುವುದು ತನ್ನ ಕೈಲಾಗುವ ಕೆಲಸವಲ್ಲ. ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿಯಿಂದ ಇವನನ್ನೇ ನೋಡುತ್ತಿದ್ದ ಮನುಷ್ಯನ ಮುಖದಲ್ಲಿ ಸೋಲುವ ಲಕ್ಷಣಗಳಿಗೇನೂ ಕೊರತೆಯಿರಲಿಲ್ಲ. ಹಣೆ ನೆತ್ತಿಯವರೆಗೆ ಹಬ್ಬಿತ್ತು, ಕಣ್ಣಿನ ಕೆಳಗೆ ಚೀಲ ಜೋತುಬಿದ್ದಿತ್ತು, ಬಡ್ತಿ ಬರುತ್ತೇನೆ ಬರುತ್ತೇನೆ ಎಂದು ಹೇಳಿ ಎರಡು ಸಲ ಬೇರೆಯವರ ಮೇಜಿಗೆ ಹೋಗಿತ್ತು. ಇಷ್ಟೆಲ್ಲ ಸೋತವನಿಗೆ ಒಂದು ಟೀವಿ ಕಪ್ಪೆಯಾಟದಲ್ಲಿ ಸೋಲುವುದು ಯಾವ ಮಹಾ ಕೆಲಸ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಹೆಬ್ಬೆರಳು ಕೇಳಬೇಕಲ್ಲ. ಬ್ರಷ್ ಹಿಡಿದಿದ್ದ ಬಲಗೈಯ ಹೆಬ್ಬೆರಳು ಯಜಮಾನನ ಮಾತಿಗೆ ಕಾಯದೆ ಹಿಡಿಯ ಮೇಲೆ ಟಕಟಕ ಕುಣಿಯುತ್ತಿತ್ತು. ಕಲ್ಲಿನಿಂದ ಕಲ್ಲಿಗೆ, ಕಲ್ಲಿನಿಂದ ಕಲ್ಲಿಗೆ, ಅಲ್ಲಿಂದ ತಾವರೆ ಎಲೆಗೆ. ಅವನು ಬ್ರಷ್ಷನ್ನು ಎಡಗೈಗೆ ಬದಲಾಯಿಸಿಕೊಂಡ.

ಇವತ್ತು ಟೋಕಿಯೋದಿಂದ ಬರುವ ಅತಿಥಿಗಳೆದುರು ಸೋಲಬೇಕು ಅನ್ನುವುದು ದೋಯಿಯವರ ಅಪ್ಪಣೆ. ದೋಯಿ ಅವನ ಮೇಲಧಿಕಾರಿ. ಗಾಲ್ಫಿನಲ್ಲಿ ಸೋತು ಸೋತೇ ಮೇಲೆ ಬಂದವರು. ಕಂಪನಿಗೆ ಬೇಕಾದ ದೊಡ್ಡ ಮನುಷ್ಯ ಯಾರೇ ಬರಲಿ, ಅವರ ಜೊತೆ ಮೈದಾನಕ್ಕಿಳಿದು, ಕೊನೆಯ ಕುಳಿಯ ತನಕ ಬೆವರು ಸುರಿಸಿ ಸೆಣಸಿ, ಅಲ್ಲಿ ಒಂದೇ ಒಂದು ಏಟು ತಪ್ಪಿಸಿ, ಹಲ್ಲು ಕಚ್ಚಿ ನೆಲ ನೋಡುತ್ತಿದ್ದರು. ಆ ಹಲ್ಲು ಕಚ್ಚುವುದನ್ನು ನೋಡಿಯೇ ಎಷ್ಟೋ ಕರಾರುಗಳಿಗೆ ಸಹಿ ಬಿದ್ದಿದೆ ಎಂದು ಕಚೇರಿಯಲ್ಲಿ ಹೇಳುತ್ತಾರೆ. ಚೌಕಾಕಾರದ ಮೇಜಿನ ಸುತ್ತ ಮಜಾಂಗ್ ಆಡುವಾಗಲೂ ಅಷ್ಟೇ, ಬಾರಿನಲ್ಲಿ ಮೈಕ್ ಹಿಡಿದು ಹಾಡುವಾಗಲೂ ಅಷ್ಟೇ. ಅತಿಥಿಗಿಂತ ಒಂದು ಎಳೆ ಶ್ರುತಿ ತಪ್ಪಿ ಹಾಡಬೇಕು. "ನೋಡಿ ಉರಬೆ," ಎಂದಿದ್ದರು ಅವರು, ಬಾಗಿಲು ಮುಚ್ಚಿಕೊಂಡು. "ಸೋಲೋದು ಯಾವ ಕತ್ತೆಗೂ ಬರುತ್ತೆ. ಸೋತಿದ್ದು ಗೊತ್ತಾಗಬಾರದು, ಗೆದ್ದವರಿಗೆ ಬೆವರು ಬಂದಿರಬೇಕು. ಕೂದಲೆಳೆಯಷ್ಟು ಅಂತರ. ಅದಕ್ಕೇ ನಿಮ್ಮನ್ನ ಹಾಕಿರೋದು. ಆಟ ಬರದೆ ಇರೋನು ಸೋತರೆ ಅವರಿಗೇನು ಮರ್ಯಾದೆ ಸಿಕ್ಕಂಗಾಯ್ತು?" ಉರಬೆ ತಲೆ ಬಗ್ಗಿಸಿ ಹೂಂ ಅಂದಿದ್ದ. ತನ್ನನ್ನು ಹೊಗಳಿದರೋ ಬೈದರೋ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ನಡುಮನೆಯಲ್ಲಿ ಅತ್ತೆ ಕಿನು ಕೊತಾತ್ಸುವಿನ ರಜಾಯಿಯೊಳಗೆ ಸೊಂಟದವರೆಗೆ ಹೂತುಕೊಂಡು, ಆ ಗಿಡ್ಡ ಮೇಜಿನ ಕೆಳಗಿನ ಬಿಸಿಗೆ ಕಾಲು ಚಾಚಿ, ಟೀವಿ ಹಾಕಿಕೊಂಡು ಕಾಯುತ್ತಿದ್ದರು. ಎರಡು ವಾರದಿಂದ ಅವರೇ ಅವನ ಗುರು. ಎಪ್ಪತ್ತು ದಾಟಿದ ಮೇಲೆ ಕೈಗೆ ಸಿಕ್ಕ ಮೊದಲ ಶಿಷ್ಯ ಅಂತ ಅವರಿಗೆ ಭಾರಿ ಹುಮ್ಮಸ್ಸು.

"ಬನ್ನಿ ಅಳಿಯಂದ್ರೆ, ಕೊನೇ ಪಾಠ. ಹಸಿರು ಕಪ್ಪೆ ನಿಮ್ಮದು."

ಅವನು ಕೂತು ಆಡಿದ. ಎರಡು ಕಪ್ಪೆ, ಒಂದು ಹೊಳೆ, ಹೊಳೆಯ ತುಂಬ ಕಲ್ಲು, ಆಚೆ ದಡದಲ್ಲಿ ಒಂದೇ ಒಂದು ತಾವರೆ ಎಲೆ. ಮೊದಲು ಹೋಗಿ ಎಲೆಯ ಮೇಲೆ ಕೂತವರು ಗೆದ್ದರು. ಅವನ ಕಂಪನಿ ಕಗಿಮಾರು ಅಜ್ಜಂದಿರ ಕಾಲದಲ್ಲಿ ಮರದ ಬುಗುರಿ ಮಾಡುತ್ತಿತ್ತು, ಈಗ ಟೀವಿಗೆ ಸಿಕ್ಕಿಸುವ ಆಟದ ಮಿಷನ್ ಮಾಡುತ್ತದೆ. ಆ ಮಿಷನ್ನಿನ ಒಳಗಿನ ಬೋರ್ಡು ಉರಬೆಯದು. ಮೂರು ತಲೆಮಾರು ಮಿಷನ್ ಬಂದು ಹೋದವು, ಮೂರಕ್ಕೂ ಒಳಗಿನದು ಅವನದೇ. ಕಪ್ಪೆಯಾಟವನ್ನೂ ಅವನೇ ಬರೆದಿದ್ದು, ಬೋರ್ಡು ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಅಂತ. ಅದೇ ದೇಶದ ಮಕ್ಕಳಿಗೆಲ್ಲ ಹುಚ್ಚು ಹಿಡಿಸಿತು.

"ನಿಲ್ಸಿ ನಿಲ್ಸಿ," ಎಂದರು ಕಿನು. "ಆ ಚಪ್ಪಟೆ ಕಲ್ಲಿಂದ ಯಾಕೆ ನೀರಿಗೆ ಬಿದ್ರಿ?"

"ಜಾರಿತು ಅತ್ತೆ."

"ಜಾರೋನು ಹಾಗೆ ಜಾರಲ್ಲ. ನೀವು ಮೊದಲು ತಿರುಗಿ ನಾನೆಲ್ಲಿದೀನಿ ಅಂತ ನೋಡಿದ್ರಿ, ಅಯ್ಯೋ ಪಾಪ ಅಂದ್ಕೊಂಡ್ರಿ, ಆಮೇಲೆ ಬಿದ್ರಿ. ನೀವು ಸೋಲ್ತಾ ಇಲ್ಲ, ನನಗೆ ಭಿಕ್ಷೆ ಹಾಕ್ತಿದೀರಿ. ಮೈ ಉರೀತು ನನಗೆ."

"ಮತ್ತೆ ಹೇಗೆ ಸೋಲೋದು?"

"ಅದು ನನಗೇನು ಗೊತ್ತು? ನಾನು ಬೇಕು ಅಂತ ಯಾವತ್ತೂ ಸೋತಿಲ್ಲ. ಸೋತಿದ್ದೆಲ್ಲ ನಿಜವಾಗಿ ಸೋತಿದ್ದೇ."

ಅಡುಗೆಮನೆಯಿಂದ ಹೆಂಡತಿ ಸಚಿಯೆ ತಟ್ಟೆ ಜೋಡಿಸುತ್ತಾ, ಯಾರಿಗೂ ಅಲ್ಲವೆಂಬಂತೆ, "ಮಗೂಗೆ ಏಳು ವರ್ಷ, ಇದೇ ಟೀವಿ ಮುಂದೆ ಬಿಕ್ಕಿ ಬಿಕ್ಕಿ ಅಳ್ತಾ ಇತ್ತು, ಅಪ್ಪ ಒಂದೇ ಒಂದು ಸಲ ಅಂತ. ಆವಾಗ ಸೋಲಕ್ಕೆ ಬರಲಿಲ್ಲ. ಟೋಕಿಯೋದವರು ಬರ್ತಾರೆ ಅಂದ ಕೂಡಲೇ ಮನೇಲಿ ಪಾಠಶಾಲೆ ಶುರುವಾಗಿದೆ," ಎಂದಳು. ಉರಬೆ ಆಟ ಬಿಟ್ಟು ತಿಂಡಿಯ ಮಿಸೋ ಸಾರಿನ ಬಟ್ಟಲಿಗೆ ಮುಖ ಹಾಕಿದ. ಮಗಳು ಆಯುಮಿ ಈಗ ಸಪ್ಪೊರೊದಲ್ಲಿ ಓದುತ್ತಾಳೆ. ಫೋನು ಮಾಡಿದರೆ ಅಮ್ಮನಿಗೆ ಕೊಡಿ ಅನ್ನುತ್ತಾಳೆ. ಆವತ್ತು ಅವಳ ಕೆಂಪು ಕಪ್ಪೆ ಎಲೆಗೆ ಇನ್ನೊಂದೇ ನೆಗೆತದ ದೂರದಲ್ಲಿತ್ತು. ಅವನಿಗೆ ಅದು ಕಂಡಿತ್ತು. ತಡಿ ಉರಬೆ ಎಂದು ತನಗೆ ತಾನೇ ಹೇಳಿಕೊಂಡಿದ್ದೂ ನೆನಪಿದೆ. ಅಷ್ಟರಲ್ಲಿ ಹೆಬ್ಬೆರಳು ಕೆಲಸ ಮುಗಿಸಿತ್ತು. ಸಾರಿನೊಳಗಿನ ತೋಫು ತುಂಡೊಂದು ಚಾಪ್‌ಸ್ಟಿಕ್ಕಿಗೆ ಸಿಗದೆ ಜಾರಿ ಜಾರಿ ಓಡುತ್ತಿತ್ತು. ಎಷ್ಟು ಸಹಜವಾಗಿ ಜಾರುತ್ತದೆ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.

"ನೋಡಿ, ನಿಮ್ಮ ಕಪ್ಪೆ ಮಲಗೇಬಿಡ್ತು," ಎಂದರು ಕಿನು. ಪರದೆಯ ಮೇಲೆ, ಯಾರೂ ಮುಟ್ಟದೆ ಬಿಟ್ಟಿದ್ದ ಹಸಿರು ಕಪ್ಪೆ ಬಾಯಿ ಅಗಲಿಸಿ ಆಕಳಿಸಿ, ಕಾಲು ಮಡಚಿಕೊಂಡು ಕಣ್ಣು ಮುಚ್ಚಿತ್ತು. ಹೊಟ್ಟೆ ನಿಧಾನವಾಗಿ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ರೈಲಿನಲ್ಲೂ ಅಭ್ಯಾಸ ಬಿಡಬಾರದು ಅಂದುಕೊಂಡ. ಶಿಚಿಜೋ ನಿಲ್ದಾಣದಲ್ಲಿ ಎದುರಿಗೆ ಒಂದು ಸೀಟು ಖಾಲಿಯಾಯಿತು. ಅತ್ತಲಿಂದ ಕೈಚೀಲ ಹಿಡಿದ ದಪ್ಪನೆಯ ಹೆಂಗಸೊಬ್ಬರು ಹೊರಟರು, ಇತ್ತಲಿಂದ ಇವನು. ಸರಿ, ಕೂದಲೆಳೆಯಷ್ಟು ಅಂತರದಲ್ಲಿ ಸೋಲೋಣ, ಕೂತವರಿಗೆ ಬೆವರು ಬಂದಿರಬೇಕು, ಎಂದು ಲೆಕ್ಕ ಹಾಕಿಕೊಂಡೇ ಹೆಜ್ಜೆಯಿಟ್ಟ. ನೋಡಿದರೆ ತಾನು ಕೂತಾಗಿದೆ, ಆಕೆ ಮೇಲೆ ನಿಂತು ಗುರಾಯಿಸುತ್ತಿದ್ದಾರೆ. ಎದ್ದು ಕೊಡೋಣವೆಂದರೆ ಅದು ಮತ್ತೆ ಭಿಕ್ಷೆಯಾಗುತ್ತದೆ. ಉರಬೆ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಕೂತ. ದಿನಾ ಕಿಟಕಿಯಿಂದ ನೋಡುವ ಕಮೊ ಹೊಳೆಯನ್ನು ಅವತ್ತು ಅವನು ನೋಡಲೇ ಇಲ್ಲ.

ನಿಜ ಏನೆಂದರೆ, ಸೋಲಲಾಗದಿದ್ದರೆ ಹೇಗೆ ಅನ್ನುವ ಹೆದರಿಕೆಯ ಕೆಳಗೆ ಇನ್ನೊಂದು ಹೆದರಿಕೆಯಿತ್ತು, ಅದನ್ನು ಅವನು ಸಚಿಯೆಗೂ ಹೇಳಿರಲಿಲ್ಲ. ಸೋತುಬಿಟ್ಟರೆ ಹೇಗೆ? ಇವತ್ತು ಬರುವ ಟೋಕಿಯೋದ ಮಿಕುರಾದವರು ಅಂದರೆ ಕಂಪ್ಯೂಟರ್ ಮಾಡುವವರು. ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ಎಲ್ಲೆಲ್ಲೂ ಅವರದೇ ಬೂದು ಬಣ್ಣದ ಪೆಟ್ಟಿಗೆ. ಮನೆಗೆ ಮಾತ್ರ ಅದನ್ನು ಯಾರೂ ಕೊಳ್ಳುವುದಿಲ್ಲ. ಕಗಿಮಾರುವಿನ ಮಿಷನ್ನು ಎಲ್ಲ ಮನೆಯಲ್ಲೂ ಇದೆ, ಆದರೆ ಒಳಗಿನ ಬೋರ್ಡು ಹಳೆಯದಾಯಿತು, ಬೇರೆಯವರ ಮಿಷನ್ನುಗಳಲ್ಲಿ ಆಗಲೇ ಬೆಟ್ಟಗುಡ್ಡ ಎಲ್ಲ ಸುತ್ತ ತಿರುಗಿ ಕಾಣುತ್ತಿವೆ. ಇಬ್ಬರೂ ಕೈಜೋಡಿಸಿದರೆ ಒಂದು ಹೊಸ ಮಿಷನ್: ಹೊರಗೆ ಕಗಿಮಾರುವಿನ ಹೆಸರು, ಒಳಗೆ ಮಿಕುರಾದ ಕರುಳು. ನಮ್ಮ ವಿಭಾಗವನ್ನು ಏನು ಮಾಡುತ್ತೀರಿ ಎಂದು ಉರಬೆ ಕೇಳಿದ್ದಕ್ಕೆ ದೋಯಿ, "ಯಾರನ್ನೂ ಮನೆಗೆ ಕಳಿಸಲ್ಲ, ಭಯ ಬೇಡ. ರಿಪೇರಿ ವಿಭಾಗ ಇದೆಯಲ್ಲ, ಗಾಳಿ ಬೆಳಕು ಚೆನ್ನಾಗಿದೆ," ಎಂದಿದ್ದರು. ಚೆನ್ನಾಗಿ ಸೋತರೆ ತನ್ನ ಬೋರ್ಡಿಗೆ ತಾನೇ ಮಣ್ಣು ಹಾಕಿದಂತೆ, ಗೆದ್ದರೆ ಕಂಪನಿಗೆ. ಕಂಪನಿ ಮುಳುಗಿದರೆ ಬೋರ್ಡು ಮಾತ್ರ ತೇಲುತ್ತದೆಯೇ? ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆಯೊಳಗೆ ಎಲ್ಲೋ ಒಂದು ಮೂಲೆಯಲ್ಲಿ, ಗೆದ್ದುಬಿಡು, ಅವರ ಮುಖ ಇಳಿಯುವುದನ್ನು ನೋಡು ಎನ್ನುವ ಪೋಕರಿಯೊಬ್ಬ ಕೂತಿದ್ದ. ಆ ಪೋಕರಿಯ ಬಗ್ಗೆ ಅವನಿಗೆ ನಾಚಿಕೆಯಾಗುತ್ತಿತ್ತು, ಸ್ವಲ್ಪ ಪ್ರೀತಿಯೂ ಇತ್ತು.

ವಿಭಾಗದಲ್ಲಿ ಎಲ್ಲರೂ ಅವತ್ತು ಬಹಳ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದರು, ಅಂದರೆ ಯಾರೂ ಏನೂ ಮಾಡುತ್ತಿರಲಿಲ್ಲ. ಕೊನಿಶಿ ಒಬ್ಬನೇ, ಹದಿನೆಂಟು ವರ್ಷ ಪಕ್ಕದ ಮೇಜಿನಲ್ಲಿ ಕೂತವನು, ಚಹಾ ತಂದಿಟ್ಟು, "ಏನ್ ಸಾರ್, ಕುರಿ ಸಿಂಗಾರ ಮಾಡ್ಕೊಂಡು ಬಂದಿದೆ," ಎಂದ.

"ಹೊಸ ಟೈ ಕಣಯ್ಯ. ಸಚಿಯೆ ಕೊಟ್ಟಳು."

"ಕಾಲ್ಚೀಲ ನೋಡ್ಕೊಂಡ್ರಾ? ಹಿಂದಿನ ಮನೇಲಿ ಕೂರೋದಂತೆ. ಚಾಪೆ ಮೇಲೆ."

ಉರಬೆ ಶೂ ಬಿಚ್ಚಿ ನೋಡಿದ. ಬಲಗಾಲಿನ ಹೆಬ್ಬೆರಳು ಕಾಲ್ಚೀಲದಿಂದ ಪೂರ್ತಿ ಹೊರಗೆ ಬಂದು, ಏನು ಸಮಾಚಾರ ಎಂಬಂತೆ ನಿಂತಿತ್ತು. ಅವನ ಮೈಯಲ್ಲಿ ಹೆಬ್ಬೆರಳುಗಳದೇ ಒಂದು ಸಂಚು ನಡೆದಿರಬೇಕು. ಕೊನಿಶಿ ನಗಲಿಲ್ಲ. ತನ್ನ ಕಾಲ್ಚೀಲ ಬಿಚ್ಚಿ ಕೊಡಲು ಹೋದ. ಅದರಲ್ಲಿ ಎರಡು ತೂತಿದ್ದವು.

ಹಿಂದಿನ ಮನೆಯೆಂದರೆ ಕಾರ್ಖಾನೆಯ ಹಿತ್ತಲಲ್ಲಿ ಉಳಿದಿದ್ದ ಹಳೆಯ ಬುಗುರಿ ಅಂಗಡಿ. ಕಂಪನಿಯ ಯಜಮಾನರು ಅದನ್ನು ಕೆಡವಲು ಬಿಟ್ಟಿರಲಿಲ್ಲ. ದೊಡ್ಡವರು ಬಂದರೆ ಅಲ್ಲೇ, ಚಿತ್ರ ತೂಗುಹಾಕಿದ ಗೂಡಿನ ಮುಂದಿನ ಮರ್ಯಾದೆಯ ಜಾಗದಲ್ಲಿ ಅತಿಥಿಗಳನ್ನು ಕೂರಿಸಿ, ತಾವು ಬಾಗಿಲ ಪಕ್ಕ ಕೂರುತ್ತಿದ್ದರು. ಎಂಬತ್ತರ ಹತ್ತಿರದ ಮುದುಕರು. ಆಟದ ಮಿಷನ್ನಿನಿಂದ ಕೋಟಿಗಟ್ಟಲೆ ಗಳಿಸಿದರೂ ಒಂದು ದಿನ ಅದನ್ನು ಮುಟ್ಟಿದವರಲ್ಲ, ಯಾರೋ ಆಡುತ್ತಿದ್ದರೆ ಪಕ್ಕದಲ್ಲಿ ಅರ್ಧ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದು ಎಲ್ಲರ ಅಂದಾಜು.

ಮಿಕುರಾದಿಂದ ಇಬ್ಬರು ಬಂದಿದ್ದರು. ನಿರ್ದೇಶಕ ಶಿಬುತಾನಿ, ಉದ್ದನೆಯ ಮನುಷ್ಯ, ಪ್ರತಿಯೊಂದು ಮಾತಿನ ಮೊದಲೂ ಕೊನೆಯೂ ಬಗ್ಗುವವರು. ಇನ್ನೊಬ್ಬರು ಎನೊಕಿ ಎಂಬ ಹೆಂಗಸು, ನಲವತ್ತರ ಆಸುಪಾಸು, ಗಿಡ್ಡ ಕೂದಲು. ಹೊಸ ಮಿಷನ್ನಿನ ಚಿಪ್ ಈಕೆಯದೇ ಎಂದು ದೋಯಿ ಬಾಗಿಲಲ್ಲೇ ಪಿಸುಗುಟ್ಟಿದ್ದರು. ತನ್ನ ಜಾಗಕ್ಕೆ ಬರುವವರು ಹೇಗಿರಬಹುದು ಎಂದು ಉರಬೆ ಎಷ್ಟೋ ದಿನ ಊಹೆ ಮಾಡಿದ್ದ, ಆ ಊಹೆಗಳಲ್ಲೆಲ್ಲ ಅವರಿಗೆ ಚೂಪು ಮೀಸೆಯಿತ್ತು. ಈಕೆಯ ಕೋಟಿನ ಒಂದು ಬಟನ್ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ದ್ವೇಷ ಮಾಡಲು ಅನುಕೂಲವಾಗುವಂಥದ್ದು ಏನೂ ಸಿಗಲಿಲ್ಲ.

"ನಮ್ಮ ಎನೊಕಿಯವರಿಗೆ ಆಟಗೀಟ ಏನೂ ಬರಲ್ಲ," ಎಂದರು ಶಿಬುತಾನಿ, ಬಗ್ಗಿ. "ದಯವಿಟ್ಟು ಕಲಿಸಿಕೊಡಬೇಕು."

"ನಮ್ಮವನದೂ ಅದೇ ಕತೆ," ಎಂದರು ಯಜಮಾನರು. "ಪೆಟ್ಟಿಗೆ ಮಾಡೋಕೆ ಬರುತ್ತೆ, ಆಡೋಕೆ ಬರಲ್ಲ. ಸ್ವಲ್ಪ ಕೈ ಹಿಡಿದು ನಡೆಸಿ."

ಕೈ ಮುಗಿದು, ಬಗ್ಗಿ, ಕಾಲು ಮಡಚಿ ಅದರ ಮೇಲೆ ಕೂತು, ಹೆಬ್ಬೆರಳನ್ನು ದಿಂಬಿನ ಕೆಳಗೆ ತುರುಕಿಕೊಂಡು ಉರಬೆ ಹಸಿರು ಕಪ್ಪೆಯನ್ನು ಹಿಡಿದ. ಹೊರಟ ಎರಡು ನೆಗೆತಕ್ಕೇ ಅವನಿಗೆ ಸಮಾಧಾನವಾಯಿತು: ಈಕೆಗೆ ನಿಜಕ್ಕೂ ಬರುವುದಿಲ್ಲ. ಕೆಂಪು ಕಪ್ಪೆ ಅಡ್ಡಾದಿಡ್ಡಿ ಹಾರಿ ಪಾಚಿಗಲ್ಲಿನ ಮೇಲೆ ಜಾರಿತು. ಪಾಪ ಎಂದುಕೊಂಡು ಇವನೂ ಜಾರಿದ. ಅವರು ಚಪ್ಪಟೆ ಕಲ್ಲಿನಲ್ಲಿ ತಡವರಿಸಿದರು, ಇವನು ಅದಕ್ಕಿಂತ ಚೂರು ಹೆಚ್ಚು ತಡವರಿಸಿದ. ನಡುಹೊಳೆಯಲ್ಲಿ ತೇಲಿಬರುವ ಮರದ ದಿಮ್ಮಿ ಬಂತು. ಅದನ್ನು ತಪ್ಪಿಸಿಕೊಳ್ಳುವುದು ಸುಲಭ; ಅದಕ್ಕೆ ಸಿಕ್ಕಿ, ಆದರೆ ಪೂರಾ ಕೊಚ್ಚಿಹೋಗದೆ, ಒಂದೇ ಕಲ್ಲು ಹಿಂದಕ್ಕೆ ಬೀಳುವುದು ಮಾತ್ರ ಹೂವು ಕಟ್ಟಿದಷ್ಟು ನಾಜೂಕಿನ ಕೆಲಸ. ವಿಭಾಗದಲ್ಲಿ ಉರಬೆಯೊಬ್ಬನಿಗೇ ಅದು ಬರುತ್ತಿತ್ತು. ಕೆಂಪು ಕಪ್ಪೆ ದಿಮ್ಮಿಗೆ ತಗುಲಿ ಒಂದೇ ಕಲ್ಲು ಹಿಂದೆ ಬಿತ್ತು.

ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಬೇಕಾದರೆ ಈ ಹೊಳೆಯ ಕಲ್ಲು ಕಲ್ಲೂ ಗೊತ್ತಿರಬೇಕು. ಉರಬೆ ಓರೆಗಣ್ಣಿನಿಂದ ನೋಡಿದ. ಎನೊಕಿ ಮುಖವನ್ನು ಪೆದ್ದು ಪೆದ್ದಾಗಿ ಇಟ್ಟುಕೊಂಡಿದ್ದರು, ಬಾಯಿಂದ ಅಯ್ಯೋ ಅಯ್ಯೋ ಎನ್ನುತ್ತಿದ್ದರು, ಆದರೆ ಹೆಬ್ಬೆರಳು ಮಾತ್ರ ಬಟನ್ನಿನ ಮೇಲೆ ಹಗುರವಾಗಿ, ಅವಸರವಿಲ್ಲದೆ, ಎಲ್ಲ ತಿಳಿದುಕೊಂಡು ಕೂತಿತ್ತು. ಟೋಕಿಯೋದಲ್ಲೂ ಒಬ್ಬ ದೋಯಿ ಇರಬೇಕು. ಬಾಗಿಲು ಮುಚ್ಚಿಕೊಂಡು ಅವರೂ ಹೇಳಿರಬೇಕು, ಕೂದಲೆಳೆಯಷ್ಟು ಅಂತರ ಅಂತ. ಅಂದರೆ ಮಿಕುರಾದವರಿಗೂ ಕಗಿಮಾರುವಿನ ಮನೆಮನೆಯ ಮಕ್ಕಳು ಬೇಕಾಗಿದ್ದಾರೆ, ಇವರಿಗೆ ಅವರ ಚಿಪ್ ಬೇಕಾದಷ್ಟೇ. ಈ ಯೋಚನೆ ಬಂದ ಕ್ಷಣದಿಂದ ಉರಬೆ ನಾಚಿಕೆ ಬಿಟ್ಟು ಆಡತೊಡಗಿದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನು ಯಾವತ್ತೂ ಆಡಿರಲಿಲ್ಲ. ಅವರು ಒಂದು ಕಲ್ಲು ಬಿಟ್ಟುಕೊಟ್ಟರೆ ಇವನು ಎರಡು ಬಿಟ್ಟುಕೊಟ್ಟ. ಇವನು ಸುಳಿಗೆ ಬಿದ್ದರೆ ಅವರು ಸುಳಿಯೊಳಗೇ ದಿಕ್ಕು ತಪ್ಪಿದರು. ಮುದ್ದಾದ ಎಡವಟ್ಟುಗಳು, ಎಂಥೆಂಥ ಎಡವಟ್ಟುಗಳು! ಹಿಂದೆ ಕೂತವರು ಓಹೋ, ಆಹಾ ಎನ್ನುತ್ತಿದ್ದರು. ಎನೊಕಿಯ ಹಣೆಯಲ್ಲಿ ಬೆವರು ಬಂದಿತ್ತು. ಮಗಳು ಅತ್ತ ದಿನದ ನಂತರ ಆಟವೊಂದರಲ್ಲಿ ಇಷ್ಟು ಖುಷಿಯಾಗಿದ್ದು ಅವನಿಗೆ ಇದೇ ಮೊದಲು, ಅದೂ ಸೋಲುವುದರಲ್ಲಿ.

ಹಾಗೆ ಹೋಗಿ ಹೋಗಿ ಎರಡೂ ಕಪ್ಪೆಗಳು ಕೊನೆಯ ಕಲ್ಲುಗಳ ಮೇಲೆ ಅಕ್ಕಪಕ್ಕ ಬಂದು ನಿಂತವು. ಮುಂದೆ ತಾವರೆ ಎಲೆ. ಈ ಕಲ್ಲುಗಳಿಂದ ಜಾರುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ. ಒಂದು ನೆಗೆತ, ಅಷ್ಟೇ. ಎನೊಕಿ ನೆಗೆಯಲಿಲ್ಲ. ಉರಬೆಯೂ ನೆಗೆಯಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು. ಇವನು ಬೆರಳು ಒರೆಸಿಕೊಳ್ಳುವಂತೆ ನಟಿಸಿದ. ಆಗಲೇ ಅವನಿಗೆ ಹೊಳೆದಿದ್ದು, ಈ ಆಟಕ್ಕೆ ಅವನು ಗಡುವು ಇಟ್ಟಿರಲಿಲ್ಲ ಅಂತ. ಯಾಕೆ ಇಡಬೇಕು? ಎಲೆ ಕಣ್ಣೆದುರಿಗಿದ್ದೂ ಇಬ್ಬರೂ ನೆಗೆಯದೆ ಕೂರುತ್ತಾರೆ ಎಂದು ಯಾವ ಮನುಷ್ಯ ಊಹಿಸುತ್ತಾನೆ? ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದರು, ಲಕ್ಷಾಂತರ ಮಕ್ಕಳು ಆಡಿದ್ದರು, ಆದರೆ ಅವರೆಲ್ಲರೂ ಗೆಲ್ಲಬೇಕೆಂದೇ ಆಡಿದವರು. ದೊಡ್ಡವರು ಮರ್ಯಾದೆಗೋಸ್ಕರ ಆಡುವ ಆಟವನ್ನು ಅವನು ಬರೆದಿರಲಿಲ್ಲ.

ಹಸಿರು ಕಪ್ಪೆ ಆಕಳಿಸಿತು. ಕೆಂಪು ಕಪ್ಪೆ ಆಕಳಿಸಿತು. ಎರಡೂ ಕಾಲು ಮಡಚಿ, ಎಲೆಯ ಮುಂದೆ, ಅಕ್ಕಪಕ್ಕ ಮಲಗಿದವು.

ಹಂಡೆಯಲ್ಲಿ ಚಹಾದ ನೀರು ಕುದಿಯುವ ಸದ್ದು ಕೇಳುತ್ತಿತ್ತು. ನೆಗೆಯಿರಿ ಎಂದು ಶಿಬುತಾನಿ ಹೇಳುವಂತಿಲ್ಲ, ಹೇಳಿದರೆ ಇಷ್ಟು ಹೊತ್ತು ಬೇಕೆಂದೇ ಸೋಲುತ್ತಿದ್ದುದು ಬಯಲಾಗುತ್ತದೆ. ದೋಯಿಯೂ ಹೇಳುವಂತಿಲ್ಲ. ಅವರ ಕುತ್ತಿಗೆ ಕಾಲರಿನೊಳಗೆ ಕೆಂಪಗಾಗುತ್ತಿರುವುದು ಉರಬೆಗೆ ತಿರುಗದೆಯೂ ಗೊತ್ತಾಗುತ್ತಿತ್ತು. ಕರಾರು, ಹೊಸ ಮಿಷನ್, ಎರಡು ಕಂಪನಿಗಳ ಅನ್ನ ಎಲ್ಲ ಬಂದು ಎರಡು ನಿದ್ದೆಗಣ್ಣಿನ ಕಪ್ಪೆಗಳ ಹಿಂದೆ ಸಾಲು ನಿಂತಿತ್ತು.

"ಯಾಕಯ್ಯ," ಎಂದರು ಯಜಮಾನರು, ಕಣ್ಣು ಪೂರ್ತಿ ತೆರೆಯದೆ. "ನಿಂತೋಯ್ತಾ ಮಿಷನ್ನು?"

ಬಾಗಿಲು ಅಲ್ಲಿತ್ತು. ಎಲ್ಲರೂ ಮರ್ಯಾದೆ ಉಳಿಸಿಕೊಂಡು ಹೊರಗೆ ಹೋಗಬಹುದಾದ ಬಾಗಿಲು, ಅದರ ಅಗುಳಿ ಉರಬೆಯ ಬಾಯಿಯಲ್ಲಿ. ಹೌದು ಅಂದರೆ ಸಾಕು. ಆದರೆ ಅವನ ಮಿಷನ್ನು ನಿಂತಿರಲಿಲ್ಲ. ಯಾವತ್ತೂ ನಿಂತಿಲ್ಲ. ಒಕಿನಾವಾದ ಸೆಖೆಯಲ್ಲಿ, ಹೊಕ್ಕೈಡೋದ ಹಿಮದಲ್ಲಿ, ಮಕ್ಕಳು ಜ್ಯೂಸು ಚೆಲ್ಲಿದಾಗ, ಬೆಕ್ಕು ಮೇಲೆ ಮಲಗಿದಾಗ, ಎಲ್ಲೂ ನಿಂತಿಲ್ಲ. ಆ ಒಂದು ಮಾತನ್ನು ಅವನು ಎದೆಯ ಮೇಲೆ ಯಾರಿಗೂ ಕಾಣದ ಪದಕದಂತೆ ಹಾಕಿಕೊಂಡು ತಿರುಗಿದ್ದ. ಬಡ್ತಿ ತಪ್ಪಿದಾಗಲೂ, ಮಗಳು ಅಮ್ಮನಿಗೆ ಕೊಡಿ ಅಂದಾಗಲೂ. ಈಗ ಅವನ ಜಾಗಕ್ಕೆ ಬಂದವರ ಎದುರಿಗೆ, ಅವನದೇ ಬಾಯಿಂದ, ಆ ಸುಳ್ಳು. ನೆಗೆದುಬಿಡು ಎಂದ ಒಳಗಿನ ಪೋಕರಿ. ಒಂದೇ ಬಟನ್. ಹೆಬ್ಬೆರಳು ಆಗಲೇ ಅರ್ಧ ಎದ್ದಿತ್ತು. ಉರಬೆ ಎಡಗೈಯಿಂದ ಅದನ್ನು ಹಿಡಿದುಕೊಂಡ.

"ಹೌದು ಯಜಮಾನ್ರೆ. ನಿಂತೋಗಿದೆ," ಎಂದ. "ನಮ್ಮ ಬೋರ್ಡು ಹಳೇದಾಯ್ತು. ತಪ್ಪು ನನ್ನದು, ಕ್ಷಮಿಸಬೇಕು."

ಮಿಷನ್ನು ಆರಿಸೋಣವೆಂದು ಏಳಹೋದ. ಮಡಚಿ ಕೂತ ಕಾಲುಗಳು ಯಾವಾಗಲೋ ಜೋಮು ಹಿಡಿದು ಸತ್ತಿದ್ದವು. ಎರಡೂ ಅಂಗೈ ಊರಿ, ಮೊಣಕಾಲು ಎಳೆದುಕೊಂಡು, ಕುಪ್ಪಳಿಸಿ ಕುಪ್ಪಳಿಸಿ ಟೀವಿಯ ಹತ್ತಿರ ಹೋದ. ತೂತು ಕಾಲ್ಚೀಲದ ಹೆಬ್ಬೆರಳು ಹಿಂದೆ ಎಲ್ಲರಿಗೂ ದರ್ಶನ ಕೊಡುತ್ತಿತ್ತು.

"ಏನಯ್ಯ, ಅವು ಮಲಗಿದವು ಅಂತ ನೀನೇ ನೆಗೀತಿದೀಯಾ?" ಎಂದರು ಯಜಮಾನರು.

ಆಗ ನಗು ಬಂತು ನೋಡಿ. ಶಿಬುತಾನಿ ಬಗ್ಗುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡರು, ದೋಯಿ ಕಣ್ಣೊರೆಸಿಕೊಂಡರು. ಉರಬೆ ಮಿಷನ್ನಿನ ಸ್ವಿಚ್ ಒತ್ತಿದ. ಕಪ್ಪೆಗಳು ಹೋದವು. "ಹೊಸದರಲ್ಲಿ ಹೀಗಾಗೋದಿಲ್ಲ ಬಿಡಿ," ಎಂದರು ಶಿಬುತಾನಿ, ನಗುತ್ತಲೇ, ಕೆಟ್ಟ ಮನಸ್ಸಿಲ್ಲದೆ. "ನಾವು ಅಷ್ಟನ್ನು ನೋಡ್ಕೋತೀವಿ." ಹೊಸದರಲ್ಲಿ ಎಂಬ ಮಾತು ಮೊದಲ ಸಲ ಎರಡೂ ಕಂಪನಿಗಳ ನಡುವೆ ಬಾಯಿಬಿಟ್ಟು ಬಂದಿತ್ತು, ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಸಾಕೆ ಮದ್ಯ ಬಂತು, ಮೀನು ಬಂತು. ಊಟ ಮುಗಿಯುವ ಹೊತ್ತಿಗೆ ಯಜಮಾನರು ಮತ್ತು ಶಿಬುತಾನಿ ಒಬ್ಬರ ಲೋಟಕ್ಕೆ ಒಬ್ಬರು ಸುರಿಯುತ್ತಾ ಮುಂದಿನ ವಸಂತದ ಮಾತಾಡುತ್ತಿದ್ದರು. ದೋಯಿ ಉರಬೆಯ ಬೆನ್ನು ತಟ್ಟಿ ಕಿವಿಯಲ್ಲಿ, "ನಾನೂ ಇಷ್ಟು ಚೆನ್ನಾಗಿ ಸೋತಿಲ್ಲ ಕಣ್ರೀ," ಎಂದರು. ಹಾಗೆ ನೋಡಿದರೆ ಬಡ್ತಿಗಿಂತ ದೊಡ್ಡ ಮಾತು. ಉರಬೆಗೆ ಅಳು ಬರುವಂತಾಯಿತು, ಬಾಯಿಗೆ ಮೂಲಂಗಿ ಹಾಕಿಕೊಂಡ.

ಶೂ ಹಾಕಿಕೊಳ್ಳುವ ಜಗಲಿಯಲ್ಲಿ ಎನೊಕಿ ಅವನ ಪಕ್ಕ ಬಂದು ಕೂತರು. ಇಬ್ಬರೂ ಲೇಸು ಕಟ್ಟತೊಡಗಿದರು.

"ಕಪ್ಪೆ ಉಸಿರಾಡ್ತಾ ಇತ್ತು," ಎಂದರು ಅವರು, ಲೇಸು ನೋಡುತ್ತಾ. "ನಿಂತೋದ ಮಿಷನ್ನಲ್ಲಿ ಹೊಟ್ಟೆ ಏಳಲ್ಲ, ಇಳಿಯಲ್ಲ."

"ನೀವು ತಪ್ಪು ನೋಡಿರ್ತೀರಿ."

"ಇರಬಹುದು. ನಮ್ಮ ಮಿಷನ್ನಲ್ಲಿ ಯಾರೂ ಮುಟ್ಟದೆ ಇದ್ರೆ ಪರದೆ ಕಪ್ಪಾಗುತ್ತೆ. ಕರೆಂಟು ಉಳಿಯುತ್ತೆ ಅಂತ. ಯಾರೂ ಇಲ್ಲದಾಗ್ಲೂ ಉಸಿರಾಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ." ಇನ್ನೊಂದು ಶೂ ಹಾಕಿಕೊಂಡರು. "ಆ ಉಸಿರಿನ ಲೆಕ್ಕ ಎಲ್ಲಿಂದ ತಂದ್ರಿ?"

"ಲೆಕ್ಕ ಅಲ್ಲ. ನಮ್ಮ ಅತ್ತೆ," ಎಂದ ಉರಬೆ. "ಕೊತಾತ್ಸುವಲ್ಲಿ ಮಲಗಿರ್ತಾರೆ. ಪಕ್ಕದಲ್ಲಿ ಕೂತು ನೋಡ್ಕೊಂಡು ಬರೆದೆ. ಅವರಿಗೆ ಗೊತ್ತಿಲ್ಲ. ಕಪ್ಪೆ ಅಂತ ಗೊತ್ತಾದ್ರೆ ನನ್ನ ಮನೆಯಿಂದ ಹೊರಗೆ ಹಾಕ್ತಾರೆ."

ಎನೊಕಿ ನಕ್ಕರು. ನಿಮ್ಮ ಕಪ್ಪೆಯನ್ನು ಹೊಸದರಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಅದು ಭಿಕ್ಷೆಯಾಗುತ್ತಿತ್ತು, ಅದು ಅವರಿಗೂ ಗೊತ್ತಿರಬೇಕು. ಎದ್ದು, ಬಗ್ಗಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿಯೇ ಇದ್ದು, ಕಾರಿನ ಕಡೆ ಹೋದರು. ಕಾರು ಗೇಟು ದಾಟಿದ ಮೇಲೆ ಯಜಮಾನರು ಕೋಲೂರಿಕೊಂಡು ಬಂದು ಅವನ ಪಕ್ಕ ನಿಂತರು.

"ಉರಬೆ, ಆ ಮಿಷನ್ನು ಈ ಹಿಂದೆ ಯಾವಾಗಾದ್ರೂ ನಿಂತಿತ್ತಾ?"

"ಇಲ್ಲ ಯಜಮಾನ್ರೆ."

"ಹೂಂ," ಎಂದರು ಮುದುಕರು. ಇನ್ನೇನೋ ಹೇಳುತ್ತಾರೆಂದು ಅವನು ಕಾದ. ಅವರು ಒಳಗೆ ಹೋದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕಿನು ರಜಾಯಿಯನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದರು, ಹೊಟ್ಟೆ ನಿಧಾನವಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಉರಬೆ ಟೈ ಬಿಚ್ಚದೆ ಪಕ್ಕದಲ್ಲಿ ಕೂತು ನೋಡಿದ. ನಾಳೆ ವಿಭಾಗಕ್ಕೆ ಹೋಗಿ ಕೊನಿಶಿಗೆ ಏನು ಹೇಳುವುದು, ಗಾಳಿ ಬೆಳಕು ಚೆನ್ನಾಗಿದೆಯಂತೆ ಎಂದೇ? ಮಿಷನ್ನು ನಿಂತುಹೋಯಿತು ಎಂದ ತನ್ನ ದನಿ ಕಿವಿಯಲ್ಲಿ ಇನ್ನೂ ಇತ್ತು. ಸಚಿಯೆ ಅಡುಗೆಮನೆಯಿಂದ ಇಣುಕಿ ಅವನ ಮುಖ ನೋಡಿದಳು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

"ಸೋತ್ರಾ?" ಎಂದರು ಕಿನು, ಕಣ್ಣು ಮುಚ್ಚಿಕೊಂಡೇ.

"ಸೋತೆ ಅತ್ತೆ."

"ಯಾರು ಗೆದ್ರು?"

ಉರಬೆ ಯೋಚಿಸಿದ. "ಯಾರೂ ಇಲ್ಲ."

"ಇದ್ಯಾವ ಸೀಮೆ ಸೋಲು." ಕಿನು ಎದ್ದು ಕೂತು, ಕನ್ನಡಕ ಹುಡುಕಿ ಹಾಕಿಕೊಂಡು, ಕೆಂಪು ಕಪ್ಪೆಯ ಕಂಟ್ರೋಲರನ್ನು ಕೈಗೆತ್ತಿಕೊಂಡರು. ಇನ್ನೊಂದನ್ನು ಅವನ ಮಡಿಲಿಗೆ ಹಾಕಿದರು. "ಬನ್ನಿ. ಭಿಕ್ಷೆ ಹಾಕಿದ್ರೆ ಮಾತ್ರ ರಾತ್ರಿ ಊಟ ಇಲ್ಲ."

ಮಿಷನ್ನು ಚಾಲೂ ಆಯಿತು, ಎಂದಿನಂತೆ, ಒಂದೇ ಏಟಿಗೆ. ಉರಬೆ ಹೆಬ್ಬೆರಳನ್ನು ಅದರ ಪಾಡಿಗೆ ಬಿಟ್ಟ. ಅತ್ತೆಯ ಕಪ್ಪೆ ಇನ್ನೂ ಮರದ ದಿಮ್ಮಿಗೆ ಹೆದರಿ ನಡುಹೊಳೆಯಲ್ಲಿ ಕುಕ್ಕರಿಸಿದ್ದಾಗಲೇ ಅವನದು ಆಚೆ ದಡದ ಎಲೆಯ ಮೇಲೆ ಕೂತಿತ್ತು. ಎಪ್ಪತ್ತು ದಾಟಿದ ಹೆಂಗಸನ್ನು ಅವನು ಒಂದಿಷ್ಟೂ ಕನಿಕರವಿಲ್ಲದೆ ಸೋಲಿಸಿದ್ದ.

"ಅಬ್ಬಾ," ಎಂದರು ಕಿನು, ಹಲ್ಲಿಲ್ಲದ ಬಾಯಿ ತುಂಬ ನಗುತ್ತಾ. "ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?"

ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ. ಕಿನು ಅದನ್ನು ನೋಡಿಯೂ ನೋಡದವರಂತೆ, "ಅಳೋದು ಆಮೇಲೆ," ಎಂದು ಇನ್ನೊಂದು ಆಟ ಶುರುಮಾಡಿದರು.